ಹಿಮ ಸಿಗಲಿಲ್ಲವೆಂದು ಮುಚ್ಚಿದ ದೂರು

ನಮ್ಮ ಕಟ್ಟಡವನ್ನು ನೋಡಿಕೊಳ್ಳುವ ಸಂಸ್ಥೆಯ ಸುರಕ್ಷತಾ ಮುಖ್ಯಸ್ಥರಿಗೆ,

ಮಾನ್ಯರೇ,

ಗಲ್ಫಿನ ಈ ಅಲ್ ಅಮೇರಾತ್‌ನ ನಮ್ಮ ತಾರಸಿಯ ಮೇಲೆ ಹಿಮ ಇಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಇರುವುದು ಮಳೆನೀರು, ನಾಲ್ಕು ಇಂಚು ಆಳ, ಎರಡು ವಾರದಿಂದ. ತಾರಸಿಯ ಬಾಗಿಲಿಗೆ ನೀವು ಬೀಗ ಹಾಕಿಸಿದ್ದೀರಿ, ಬೀಗದ ಕೈ ನಿಮ್ಮ ಆಫೀಸಿನಲ್ಲಿದೆ, ನಮ್ಮ ದೂರನ್ನು ‘ಹಿಮ ಕಂಡುಬಂದಿಲ್ಲ’ ಎಂದು ಬರೆದು ಮುಗಿಸಿದ್ದೀರಿ. ಇದನ್ನು ಕನ್ನಡದಲ್ಲಿ, ನಮ್ಮ ಸಂಘದ ಫೇಸ್‌ಬುಕ್ ಪುಟದಲ್ಲಿ ಬರೆಯುವುದಕ್ಕೆ ಕಾರಣವಿದೆ. ಕಳೆದ ರಾಜ್ಯೋತ್ಸವಕ್ಕೆ ನೀವು ಮುಖ್ಯ ಅತಿಥಿಯಾಗಿ ಬಂದು, ಪರದೇಶದಲ್ಲಿ ನಾವೆಲ್ಲ ಒಂದೇ ಮಾಡಿನ ಕೆಳಗಿದ್ದೇವೆ ಎಂದಿರಿ. ಮೂರನೇ ಸಾಲಿನಲ್ಲಿ ಕೂತು ನಾನೂ ಚಪ್ಪಾಳೆ ತಟ್ಟಿದ್ದೆ. ಈಗ ಆ ಮಾಡಿನ ವಿಷಯವನ್ನೇ ಮಾತಾಡೋಣ.

ಮೊದಲು ನಿಮ್ಮ ಹೊಸ ಆ್ಯಪ್‌ನ ಗುಣಗಾನ ಮಾಡಬೇಕು. ಯಾವ ಚಳಿದೇಶದಿಂದ ತಂದಿರೋ ಗೊತ್ತಿಲ್ಲ. ‘ಮೇಲ್ಛಾವಣಿ’ ಎಂಬುದನ್ನು ಒತ್ತಿದರೆ ಎರಡೇ ಆಯ್ಕೆ ಬರುತ್ತವೆ: ಹೆಂಚು ಜಾರಿದೆ, ಹಿಮದ ಭಾರವಿದೆ. ನಲವತ್ತಾರು ಡಿಗ್ರಿ ಬಿಸಿಲು ಕಾಣುವ ಊರಿನ ಕಾಂಕ್ರೀಟ್ ತಾರಸಿಯಲ್ಲಿ ನಾನು ಹೆಂಚನ್ನು ಎಲ್ಲಿಂದ ಜಾರಿಸಲಿ? ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, ಆ್ಯಪ್‌ನಲ್ಲಿ ಹಾಕದ ದೂರು ದೂರೇ ಅಲ್ಲವೆಂದರು. ಹಾಗಾಗಿ ಹಿಮವನ್ನೇ ಒತ್ತಿದೆ. ‘ಹಿಮ ಎಷ್ಟು ಆಳ?’ ಎಂದು ಕೇಳಿತು. ನಾಲ್ಕು ಇಂಚು ಎಂದು ಬರೆದೆ. ‘ಹಿಮ ಹೊಸತೋ, ನೆನೆದದ್ದೋ?’ ನೆನೆದದ್ದು, ಸ್ವಾಮಿ, ಪೂರ್ತಿ ನೆನೆದದ್ದು. ನಮ್ಮ ತಾರಸಿಯ ಫೋಟೋ ಕೂಡ ಸೇರಿಸಿದೆ. ಎದುರು ಕಟ್ಟಡದ ಮೇಲಿನ ಮಹಡಿಯಿಂದ ನನ್ನ ಮಗಳು ನಿಶ್ಮಿತಾಳ ಗೆಳತಿ ತೆಗೆದು ಕಳಿಸಿದ ಫೋಟೋ ಅದು. ಅದರಲ್ಲಿ ಪಾರಿವಾಳಗಳು ಸ್ನಾನ ಮಾಡುತ್ತಿದ್ದವು.

ಮೂರನೇ ದಿನ ನಿಮ್ಮ ಇನ್‌ಸ್ಪೆಕ್ಟರ್ ಬಂದರು. ತಾರಸಿಯ ಚಾವಿ ತಂದಿರಲಿಲ್ಲ. ತಾರಸಿಯ ಕೆಳಗೇ ಇರುವ ನಮ್ಮ ಹಾಲ್‌ನಲ್ಲಿ ನಿಂತು ಸೀಲಿಂಗ್ ನೋಡಿದರು, ಕಿಟಕಿಯ ಹೊರಗಿನ ಬಿಸಿಲು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

“ಮ್ಯಾಡಮ್, ಬರ್ಫ್ ಕಹಾಂ ಹೈ?”

ಬರ್ಫ್ ಇಲ್ಲ, ಪಾನಿ ಹೈ ಎಂದೆ. “ಪಾನೀ ಕಾ ಆಪ್ಶನ್ ನಹೀ ಹೈ ಮ್ಯಾಡಮ್, ಖಲಾಸ್” ಎಂದು ಸಹಿ ಹಾಕಿಸಿಕೊಂಡು ಹೋದರು. ಪಾಪ, ಅವರದೇನು ತಪ್ಪು? ಹಿಮ ಹುಡುಕಲು ಕಳಿಸಿದಿರಿ, ಅವರಿಗೆ ಹಿಮ ಸಿಗಲಿಲ್ಲ.

ಆದರೆ ಆ ಆ್ಯಪ್‌ಗೆ ನಾನು ಋಣಿ. ಅದರಲ್ಲಿ ಹಿಮ ಬೀಳುವ ಊರಿನವರಿಗಾಗಿ ಒಂದು ಪುಟ ಸಲಹೆಗಳಿವೆ. ನಗುವುದಕ್ಕೆಂದೇ ಓದಲು ಕೂತೆ, ಓದುತ್ತಾ ನಗು ನಿಂತುಹೋಯಿತು. ಎತ್ತರ ನೋಡಿ ಮೋಸಹೋಗಬೇಡಿ, ಭಾರ ನೋಡಿ ಎಂದಿತ್ತು. ಸೂರ್ ಪಟ್ಟಣದ ಗ್ಯಾಸ್ ಪ್ಲಾಂಟ್‌ನಲ್ಲಿ ಕೆಲಸಕ್ಕಿರುವ ನನ್ನ ಗಂಡ ಗುರುವ ಫೋನಿನಲ್ಲೇ ಲೆಕ್ಕ ಹೇಳಿದರು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಸೆಂಟಿಮೀಟರ್ ನೀರು ನಿಂತರೆ ಹತ್ತು ಕಿಲೋ. ನಾಲ್ಕು ಇಂಚಿಗೆ ನೂರು ಕಿಲೋ. ನಾಲ್ಕು ಮೀಟರ್ ಉದ್ದಗಲದ ಒಂದು ಮಲಗುವ ಕೋಣೆಯ ಮೇಲೆ ಸಾವಿರದ ಆರುನೂರು ಕಿಲೋ. ಆ ಪುಟದ ಕೊನೆಯ ಸಲಹೆ ಹೀಗಿತ್ತು: ಮನೆಯೊಳಗಿನ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ ಮಾಡು ಬಗ್ಗುತ್ತಿದೆ ಎಂದರ್ಥ, ಕೂಡಲೇ ಹೊರಗೆ ಬನ್ನಿ.

ಕಳೆದ ಬುಧವಾರ ಮಧ್ಯಾಹ್ನ ಎರಡನೇ ಮಳೆ ಬಂತು. ಮಳೆ ಬಂದರೆ ನಮ್ಮ ಲಿಫ್ಟ್ ನಿಲ್ಲುತ್ತದೆ, ಅದರ ಮೋಟಾರ್ ಇರುವುದೂ ಅದೇ ತಾರಸಿಯಲ್ಲಿ. ಪಕ್ಕದ ಫ್ಲ್ಯಾಟಿನ ಅವ್ವಮ್ಮನಿಗೆ ಅರವತ್ತೆಂಟು ವರ್ಷ, ಎರಡೂ ಮಂಡಿಗೆ ಆಪರೇಷನ್ ಆಗಿದೆ. ರುಸ್ತಾಕ್‌ನಲ್ಲಿ ಅಂಗಡಿ ಇಟ್ಟಿರುವ ಮಗ ಅಫ್ರಾಜ್ ಬರುವುದು ರಾತ್ರಿಗೆ, ಹಾಗಾಗಿ ಅವರ ಮನೆಯ ಒಂದು ಚಾವಿ ನನ್ನ ಹತ್ತಿರವೇ ಇರುತ್ತದೆ. ಅಂದು ಗೋಡೆ ತಟ್ಟುವ ಸದ್ದು ಕೇಳಿ ಓಡಿದೆ. ಅವರ ಮಲಗುವ ಕೋಣೆಯ ಬಾಗಿಲು ಮೇಲಿನಿಂದ ಒತ್ತಿ ಹಿಡಿದಿತ್ತು, ಅವರು ಒಳಗಿದ್ದರು.

“ಮಗಾ, ಬಾಗಿಲು ಬರುದಿಲ್ಲ. ನಾನು ಎಳೆದು ಎಳೆದು ಸಾಕಾಯ್ತು. ಮೇಲಿಂದ ಎಂತದೋ ಪುಡಿ ಬೀಳ್ತಾ ಉಂಟು.”

“ಹೆದರ್ಬೇಡಿ ಅವ್ವಮ್ಮ. ಮಂಚದಿಂದ ದೂರ ನಿಲ್ಲಿ, ಗೋಡೆ ಹತ್ರ.”

“ಎಷ್ಟು ಹೊತ್ತು ನಿಲ್ಲುದು ಮಾರಾಯ್ತಿ, ಈ ಕಾಲಲ್ಲಿ?”

ನಾನು, ನಿಶ್ಮಿತಾ ಇಬ್ಬರೂ ಭುಜ ಕೊಟ್ಟು ತಳ್ಳಿದೆವು. ಕತ್ತಿ ತಂದು ಬಾಗಿಲಿನ ಮೇಲಿನ ಅಂಚನ್ನು ಕೆತ್ತಿದೆ. ಇಪ್ಪತ್ತು ನಿಮಿಷ ಬೇಕಾಯಿತು. ಹೊರಗೆ ಬಂದ ಅವ್ವಮ್ಮ ನನ್ನ ಕೈ ಹಿಡಿದುಕೊಂಡು, “ನೀನಿಲ್ಲದಿದ್ದರೆ ಎಂತ ಆಗ್ತಿತ್ತು ಮಗಾ” ಎಂದರು. ನಿಶ್ಮಿತಾ, “ಅಮ್ಮಾ, ವಿ ಶುಡ್ ಲೀವ್ ನೌ” ಎಂದಳು. ಎಲ್ಲಿಗೆ ಹೋಗುವುದು? ಲಿಫ್ಟ್ ಇಲ್ಲ, ಮೆಟ್ಟಿಲು ಇಳಿಯುವ ಮಂಡಿ ಇಲ್ಲ, ಕೆಳಗೆ ರಸ್ತೆಯಲ್ಲಿ ವಾದಿಯ ಹಾಗೆ, ಇಲ್ಲಿನ ಮಳೆಹಳ್ಳದ ಹಾಗೆ, ನೀರು ಹರಿಯುತ್ತಿತ್ತು. ಮೇಲೆ ಹೋಗಿ ನೀರು ಬಿಡೋಣವೆಂದರೆ ನಿಮ್ಮ ಬೀಗ. ಮೂವರೂ ನಮ್ಮ ಹಾಲ್‌ನ ಮೂಲೆಯಲ್ಲಿ ಸಂಜೆಯವರೆಗೆ ಸೀಲಿಂಗ್ ನೋಡುತ್ತಾ ಕೂತೆವು. ನನಗೆ ಅಳು ಬಂತು. ಅದು ಭಯದ ಅಳುವಷ್ಟೇ ಆಗಿರಲಿಲ್ಲ, ಅವ್ವಮ್ಮನಿಗೆ ಗೊತ್ತಿಲ್ಲದ ಒಂದು ವಿಷಯ ನನಗೆ ಗೊತ್ತಿತ್ತು.

ಮಾನ್ಯರೇ, ಇಲ್ಲಿಯವರೆಗೆ ನಿಮ್ಮನ್ನು ಸರಿಯಾಗಿ ತರಾಟೆಗೆ ತೆಗೆದುಕೊಂಡೆ. ಇನ್ನು ನನ್ನ ಸರದಿ.

ನೀವೂ ನಮ್ಮ ಕರಾವಳಿಯವರು, ಬಸಳೆ ಇಲ್ಲದ ಮನೆ ಎಂದರೆ ಏನೆಂದು ನಿಮಗೆ ವಿವರಿಸಬೇಕಾಗಿಲ್ಲ. ನಾಲ್ಕು ವರ್ಷದ ಹಿಂದೆ ಊರಿಂದ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸಳೆಯ ದಂಟು ತಂದೆ. ನೀಲಿ ಡ್ರಮ್ಮುಗಳನ್ನು ಅರ್ಧಕ್ಕೆ ಕತ್ತರಿಸಿ, ಮಣ್ಣು ತುಂಬಿಸಿ, ನೀರಿನ ಟ್ಯಾಂಕಿನ ನೆರಳಿದೆಯೆಂದು ತಾರಸಿಯ ಆ ಮೂಲೆಯಲ್ಲೇ ಆರು ಡ್ರಮ್ ಇಟ್ಟೆ. ಅದರ ಕೆಳಗಿರುವುದು ಅವ್ವಮ್ಮನ ಕೋಣೆ. ಇಡೀ ಕಟ್ಟಡ ನನ್ನ ಬಸಳೆ ತಿಂದಿದೆ, ಸಿಗಡಿ ಹಾಕಿ ಅವ್ವಮ್ಮ ಮಾಡುವ ಬಸಳೆ ಗಸಿ ನಾನೂ ತಿಂದಿದ್ದೇನೆ. ನೀರು ಹಾಕುವಾಗ ಮಣ್ಣು ಕೊಚ್ಚಿಹೋಗಬಾರದೆಂದು, ಊರಿನಲ್ಲಿ ತೋಡಿನ ನೀರು ತಡೆಯಲು ಕಟ್ಟ ಕಟ್ಟುವ ಅಭ್ಯಾಸದಲ್ಲಿ, ನೀರು ಹೋಗುವ ಪೈಪಿನ ಬಾಯಿಗೆ ಮೈ ಒರೆಸುವ ಹಳೆಯ ಬೈರಾಸು ಮಡಚಿ ತುರುಕಿದೆ. ಈ ದೇಶದಲ್ಲಿ ಮಳೆ ಎಷ್ಟು ಬರುತ್ತದೆ, ಬಂದಾಗ ಕಿತ್ತರಾಯಿತು ಎಂದುಕೊಂಡೆ. ಫೆಬ್ರವರಿಯಲ್ಲಿ ನಿಮ್ಮ ಸರ್ಕ್ಯುಲರ್ ಬಂತು: ತಾರಸಿಗೆ ಪ್ರವೇಶವಿಲ್ಲ, ಯಾರ ಸಾಮಾನು ಮೇಲೆ ಸಿಕ್ಕಿದರೂ ಅವರು ಮನೆ ಖಾಲಿ ಮಾಡಬೇಕು. ಅದೇ ದಿನ ಬೀಗ ಬಿತ್ತು. ನನ್ನ ಡ್ರಮ್ಮುಗಳೂ ಬೈರಾಸೂ ಒಳಗೇ ಉಳಿದವು.

ನಾನು ಬಾಯಿ ಬಿಟ್ಟರೆ ಮಗಳ ಪರೀಕ್ಷೆಯ ಹೊತ್ತಿಗೆ ಬೀದಿಗೆ ಬೀಳುತ್ತಿದ್ದೆವು, ಬಿಡದಿದ್ದರೆ ಅವ್ವಮ್ಮನ ತಲೆಯ ಮೇಲೆ ಭಾರ ಏರುತ್ತಿತ್ತು. ನಾನು ಸುಮ್ಮನಿರುವುದನ್ನೇ ಆರಿಸಿಕೊಂಡೆ. ಆ್ಯಪ್‌ಗೆ ಹಾಕಿದ ಫೋಟೋದಲ್ಲಿ ಪಾರಿವಾಳ ಬಿಟ್ಟು, ಬಸಳೆ ಇರುವ ಭಾಗವನ್ನು ಕತ್ತರಿಸಿದ್ದೆ. ಹಿಮ ಎಂದು ಸುಳ್ಳು ಒತ್ತಿಸಿದ್ದು ನಿಮ್ಮ ಆ್ಯಪ್, ಈ ಸುಳ್ಳು ನನ್ನದೇ.

ನೆಂದ ಮಣ್ಣಿನ ಡ್ರಮ್ಮು ಒಂದೊಂದೂ ನೂರೈವತ್ತು ಕಿಲೋಗೆ ಕಡಿಮೆಯಿಲ್ಲ. ನೀರೂ ಸೇರಿದರೆ ಎರಡೂವರೆ ಟನ್. ಶನಿವಾರದಿಂದ ಮತ್ತೆ ಮಳೆ ಎಂದು ಹವಾಮಾನದವರು ಹೇಳಿದ್ದಾರೆ. ಕತ್ತರಿಸದ ಫೋಟೋ ಈ ಪತ್ರದ ಜೊತೆಗಿದೆ. ನಿನ್ನೆ ಅವ್ವಮ್ಮನಿಗೂ ಎಲ್ಲ ಹೇಳಿದೆ. ಅವರು, “ಬಸಳೆ ಕೊಡುವಾಗ ನೀನು ಬಾಗಿಲು ತಟ್ಟಿ ಕೊಡ್ತಿದ್ದಿ. ಇದನ್ನೂ ಹಾಗೇ ಬಂದು ಹೇಳ್ಬಹುದಿತ್ತಲ್ಲ ಮಗಾ” ಎಂದರು.

ನನಗೆ ಬೇಕಾಗಿರುವುದು ಬೀಗದ ಕೈ, ಶುಕ್ರವಾರ ಒಂದು ದಿನದ ಮಟ್ಟಿಗೆ. ಬೈರಾಸು ಕಿತ್ತು ನೀರು ಬಿಡುತ್ತೇನೆ. ಮಣ್ಣನ್ನು ಬಕೆಟ್‌ನಲ್ಲಿ ತುಂಬಿ, ನಾಲ್ಕು ಮಹಡಿ ನಾನೇ ಇಳಿಸುತ್ತೇನೆ. ಆಮೇಲೆ ಒಬ್ಬ ಎಂಜಿನಿಯರ್ ಬಂದು ಸ್ಲ್ಯಾಬ್ ನೋಡಲಿ, ಆ್ಯಪ್‌ನಲ್ಲಿ ನೀರಿಗೂ ಒಂದು ಜಾಗ ಮಾಡಿ. ಮನೆ ಖಾಲಿ ಮಾಡಿಸುವ ನೋಟೀಸನ್ನು ಶನಿವಾರ ಕಳಿಸಿ, ಸಹಿ ಹಾಕಿ ತೆಗೆದುಕೊಳ್ಳುತ್ತೇನೆ. ಶುಕ್ರವಾರ ಮಾತ್ರ ಚಾವಿ ಕಳಿಸಿ.

ಇಂತಿ,
ಅವ್ವಮ್ಮನನ್ನು ತನ್ನ ಹಾಲ್‌ನಲ್ಲಿ ಮಲಗಿಸಿಕೊಂಡು, ಮನೆಯ ಒಂದು ಬಾಗಿಲನ್ನೂ ಮುಚ್ಚಲು ಧೈರ್ಯವಿಲ್ಲದ
ಕುಸುಮ
ನಾಲ್ಕನೇ ಮಹಡಿ