ಉಪ್ಪು ಬಿಟ್ಟ ಅಡುಗೆಭಟ್ಟ

ಕೊಪ್ಪ
೧೦ ಡಿಸೆಂಬರ್ ೨೦೦೬, ಭಾನುವಾರ

ಪ್ರೀತಿಯ ಅರ್ಪಣಾ,

ಹೆಂಡತಿಗೆ ಬರೆಯುವಾಗ ಆಶೀರ್ವಾದ ಎಂದು ಶುರು ಮಾಡಬೇಕಂತೆ. ನಿನಗೆ ಆಶೀರ್ವಾದ ಮಾಡುವ ಯೋಗ್ಯತೆ ಸದ್ಯಕ್ಕೆ ನನಗಿಲ್ಲ, ಆದ್ದರಿಂದ ಕ್ಷೇಮವೇ ಎಂದಷ್ಟೇ ಕೇಳುತ್ತೇನೆ. ಫೋನ್ ಮಾಡಿದಾಗಲೆಲ್ಲ ಅತ್ತೆಯೇ ಎತ್ತಿ, ಅವಳು ಕೊಟ್ಟಿಗೆಯಲ್ಲಿದ್ದಾಳೆ ಅನ್ನುತ್ತಾರೆ. ಎರಡು ತಿಂಗಳಿಂದ ಕೊಟ್ಟಿಗೆಯಲ್ಲೇ ಇದ್ದೀಯಾ ಮಾರಾಯ್ತಿ? ನಿನ್ನ ತವರು ಕಡಹಿನಬೈಲಿನ ಹಸುಗಳು ಪುಣ್ಯ ಮಾಡಿವೆ.

ನೀನು ಹೇಳಿ ಕಳಿಸಿದ್ದನ್ನು ಪಕ್ಕದ ಮನೆಯ ಪ್ರೇಮಕ್ಕ ತಿಳಿಸಿದರು. ಅಪ್ಪಯ್ಯನ ಎದುರು ನಿಂತು ತಮ್ಮ ಬಾಯಿಂದಲೇ ನಿಜ ಹೇಳಲಿ, ಅವತ್ತೇ ಹೊರಟು ಬತ್ತೆ ಅಂದೆಯಂತೆ. ಇರುವುದು ಅದೊಂದೇ ಷರತ್ತು, ನನ್ನಿಂದ ಆಗದಿರುವುದೂ ಅದೊಂದೇ. ಎರಡು ಸಲ ಹೊರಟೆ. ಎರಡು ಸಲವೂ ದಾರಿಯ ನಡುವೆ ಎನ್.ಆರ್.ಪುರದಲ್ಲಿ ಇಳಿದು, ಚಾ ಕುಡಿದು, ಅದೇ ಬಸ್ಸಿನಲ್ಲಿ ವಾಪಸ್ ಬಂದೆ. ಅದಕ್ಕೇ ಈ ಕಾಗದ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ, ಯಾಕೆಂದರೆ ಬೇಕಾದಷ್ಟು ಹೇಳಿ ಉಳಿದದ್ದು ನುಂಗಿಯೇ ಇಷ್ಟೆಲ್ಲ ಆಗಿದ್ದು.

ಫೆಬ್ರವರಿಯಲ್ಲಿ ಕಿಗ್ಗದ ಮದುವೆಮನೆಯಲ್ಲಿ ಅನ್ನದ ಕೊಪ್ಪರಿಗೆ ಇಳಿಸುವಾಗ ನನ್ನ ಸೊಂಟ ಹಿಡಿದುಕೊಂಡಿತಲ್ಲ, ಶುರುವಾಗಿದ್ದು ಅಲ್ಲಿ. ಎಪ್ಪತ್ತನಾಲ್ಕು ಕೆಜಿ, ಮೂವತ್ತೆಂಟು ಇಂಚು ಹೊಟ್ಟೆ. ಡಾಕ್ಟರು ನೋಡಿ, ಭಟ್ರೇ, ತೂಕ ಉಂಟು, ಬಲ ಇಲ್ಲ ಅಂದರು. ಹತ್ತು ವರ್ಷದಿಂದ ನಮ್ಮ ಕಸುಬೇ ಹಾಗೆ. ಬೆಳಿಗ್ಗೆ ಬರೀ ಕಾಫಿ, ಕೊನೆಯ ಪಂಕ್ತಿ ಎದ್ದ ಮೇಲೆ ಮೂರೂವರೆಗೆ ನಮ್ಮ ಊಟ. ಆ ಹಸಿವಿಗೆ ಅನ್ನದ ರಾಶಿ, ನಾಲ್ಕು ಸೌಟು ಪಾಯಸ, ಉಳಿದ ಹೋಳಿಗೆ, ಆಮೇಲೆ ಅಲ್ಲೇ ಚಾಪೆಯ ಮೇಲೆ ನಿದ್ದೆ.

ಗೊಬ್ಬರದಂಗಡಿಯ ಮಹಡಿಯ ಜಿಮ್ಮಿಗೆ ಸೇರಿ ಎರಡು ತಿಂಗಳು ಕನ್ನಡಿ ಎದುರು ತೋಳು ಒಂದನ್ನೇ ಬೆಳೆಸುತ್ತಾ ನಿಂತೆ. ಜಿಮ್ಮಿನ ತಿಮ್ಮಪ್ಪ ಮಿಲಿಟರಿಯಲ್ಲಿದ್ದವರು. ತೋಳು ಮಾತ್ರ ದಪ್ಪ ಮಾಡ್ಕಂಡ್ರೆ ಕೊಪ್ಪರಿಗೆ ಎತ್ತೋದು ಯಾರು ಮಾರಾಯ, ನಿನ್ನ ಹೆಂಡ್ತಿಯಾ ಅಂತ ಎಲ್ಲರೆದುರೇ ಕೇಳಿದರು. ಅವತ್ತಿನಿಂದ ಬರೀ ಕಬ್ಬಿಣದ ರಾಡು ಹೆಗಲ ಮೇಲಿಟ್ಟು ಕೂತು ಏಳುವುದನ್ನು ಕಲಿಸಿದರು. ಒಂದೊಂದು ಸಲಕ್ಕೆ ಎರಡೂವರೆ ಕೆಜಿ ಮಾತ್ರ ಏರಿಸಬೇಕು. ವಾರಕ್ಕೆ ಮೂರೇ ದಿನ, ಉಳಿದ ದಿನ ಮೈಗೆ ವಿಶ್ರಾಂತಿ. ಅನ್ನ ಪೂರ್ತಿ ಬಿಡಬೇಡ, ಅರ್ಧ ಮಾಡು, ಕಾಳು, ಹಾಲು, ಮೊಸರು ಜಾಸ್ತಿ ಮಾಡು ಅಂದರು. ಮೊಳಕೆ ಹೆಸರು ಬೇಯಿಸಿ ಡಬ್ಬಿಗೆ ತುಂಬಿ ಕೊಟ್ಟವಳು ನೀನು. ಗೊಣಗಿದೆ ನಿಜ, ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಇಲ್ಲೇ ಇನ್ನೊಂದು ಹೇಳಿಬಿಡುತ್ತೇನೆ. ತಿಮ್ಮಪ್ಪನವರ ಮನೆಯಲ್ಲಿ ಎರಡು ಸಲ ಮೊಟ್ಟೆಯ ಬಿಳಿಭಾಗ ತಿಂದಿದ್ದೇನೆ. ಮೂರನೇ ಸಲ ಗಂಟಲಲ್ಲಿ ಇಳಿಯಲಿಲ್ಲ.

ಸೆಪ್ಟೆಂಬರಿಗೆ ಅರವತ್ತೊಂಬತ್ತು ಕೆಜಿ, ಹೊಟ್ಟೆ ಮೂವತ್ತನಾಲ್ಕು. ಎಂಬತ್ತು ಕೆಜಿ ಹೊತ್ತು ಕೂತು ಏಳುತ್ತಿದ್ದೆ. ಕೊಪ್ಪರಿಗೆ ಲೆಕ್ಕಕ್ಕೇ ಇಲ್ಲ. ಅಷ್ಟಕ್ಕೆ ಸಾಕು ಅನ್ನಬೇಕಿತ್ತು. ರಾಜ್ಯೋತ್ಸವದ ದಿನ ದೇಹದಾರ್ಢ್ಯ ಸ್ಪರ್ಧೆ ಅಂತ ಬೋರ್ಡು ನೋಡಿದ್ದೇ ತಡ, ಹುಚ್ಚು ಹಿಡಿಯಿತು. ಉಪ್ಪು ಬಿಟ್ಟರೆ ಚರ್ಮದ ಕೆಳಗಿನ ನೀರು ಇಳಿದು ಮಾಂಸಖಂಡ ಎದ್ದು ಕಾಣುತ್ತದೆ ಎಂದು ಜಿಮ್ಮಿನಲ್ಲಿ ಯಾರೋ ಹೇಳಿದರು. ತಿಮ್ಮಪ್ಪ ಬೈದರು, ಹೊಸಬರು ಅದೆಲ್ಲ ಮಾಡಬಾರದು, ತಲೆ ತಿರುಗಿ ಬೀಳ್ತೀಯ ಅಂದರು. ನಾನು ಹೂಂ ಅಂದು, ಮನೆಗೆ ಬಂದು ಉಪ್ಪು ಬಿಟ್ಟೆ. ನಿಮ್ಮ ಕೈಯ ಸಾರು ಇತ್ತೀಚೆಗೆ ಸಪ್ಪೆ ಅಂತ ನೀನು ಹೇಳಿದಾಗ, ನಿನ್ನ ನಾಲಿಗೆ ಕೆಟ್ಟಿದೆ ಎಂದು ನಿನಗೇ ತಿರುಗಿಸಿದೆ.

ಅಕ್ಟೋಬರಿನಲ್ಲಿ ನಿಮ್ಮ ಮನೆಯಲ್ಲಿ ಮಾವನವರ ಷಷ್ಟಿಪೂರ್ತಿ, ಅಡುಗೆ ನನ್ನದೇ. ನೈವೇದ್ಯಕ್ಕೆ ಮೊದಲು ನಾವು ಅಡುಗೆಯವರು ರುಚಿ ನೋಡುವ ಹಾಗಿಲ್ಲ, ಎಲ್ಲ ಕೈಯಳತೆ. ಹತ್ತು ವರ್ಷ ಆ ಕೈ ತಪ್ಪಿರಲಿಲ್ಲ. ಐದು ವಾರ ಉಪ್ಪು ತಿನ್ನದವನಿಗೆ ಹಿಡಿ ತುಂಬ ಉಪ್ಪು ಕಂಡರೆ ಅತಿಯಾಯಿತು ಅನ್ನಿಸಿತು. ಮುಷ್ಟಿಯನ್ನು ಅರ್ಧಕ್ಕೆ ಸಡಿಲಿಸಿ ಹಾಕಿದೆ. ಸಾರು, ಹುಳಿ, ಪಲ್ಯ, ಎಲ್ಲಕ್ಕೂ. ಇನ್ನೂರು ಜನ ಒಟ್ಟಿಗೇ ಉಪ್ಪು ಉಪ್ಪು ಎಂದು ಕೂಗಿದ್ದು, ಬಡಿಸುವ ವಿಘ್ನೇಶ ಉಪ್ಪಿನ ಬಟ್ಟಲು ಹಿಡಿದು ಸಾಲಿನಿಂದ ಸಾಲಿಗೆ ಓಡಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೊಸ ಪಂಚೆ ಉಟ್ಟಿದ್ದ ಮಾವನವರು ಅಡುಗೆಕೋಣೆಗೇ ಬಂದು ಎಂತ ಮಾಣಿ ಇದು ಎಂದು ಕೇಳಿದರು. ನೀನು ಬೆಳಗಿನಿಂದ ಅಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದೆ. ನಾನು ಥಟ್ಟನೆ, ಉಪ್ಪು ಅಳೆದು ಕೊಟ್ಟವಳು ಅರ್ಪಣಾ ಅಂದುಬಿಟ್ಟೆ.

ನೀನು ಉಪ್ಪಿನ ಡಬ್ಬಿ ಮುಟ್ಟಿರಲೇ ಇಲ್ಲ. ಮದುವೆಯಾಗಿ ನಾಲ್ಕು ವರ್ಷವಾದರೂ ನಿಂಗೆ ಉಪ್ಪಿನ ಅಳತೆ ಗೊತ್ತಿಲ್ಯನೇ ಕೂಸೇ ಎಂದು ನೆಂಟರ ಮುಂದೆ ಅವರು ಕೇಳಿದಾಗ ನೀನು ನನ್ನ ಮುಖ ನೋಡಿದೆ. ನಾನು ಒಲೆಯ ಸೌದೆ ಸರಿಮಾಡುತ್ತಿದ್ದೆ. ಆ ಒಲೆಯಲ್ಲಿ ಆಗ ಬೆಂಕಿಯೇ ಇರಲಿಲ್ಲ.

ನೀನು ಅಲ್ಲೇ ಉಳಿದು ನಾನೊಬ್ಬನೇ ಕೊಪ್ಪಕ್ಕೆ ಬಂದ ಮೇಲೆ, ಯಾಕೆ ಹಾಗಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಉಪ್ಪು ತಪ್ಪಿದ ಭಟ್ಟನನ್ನು ಶೃಂಗೇರಿ ಸೀಮೆಯಲ್ಲಿ ಯಾರು ಕರೆಯುತ್ತಾರೆ ಎಂಬ ಹೆದರಿಕೆ. ನನ್ನ ಹೆಸರು ಉಳಿಯಲಿ ಎಂದು ನಿನ್ನದನ್ನು ಕೊಟ್ಟೆ. ಇದಕ್ಕಿಂತ ಚಂದದ ಕಾರಣ ನನ್ನ ಹತ್ತಿರ ಇಲ್ಲ.

ಸ್ಪರ್ಧೆಯ ವಿಷಯ ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಎಂಟು ಜನರಲ್ಲಿ ಏಳನೆಯವನಾದೆ. ಎಂಟನೆಯವನು ಬಂದಿರಲಿಲ್ಲ. ವೇದಿಕೆಯ ಮೇಲೆ ತೋಳು ಎತ್ತಿದಾಗ ಕಣ್ಣು ಕತ್ತಲೆ ಬಂದು ತಿಮ್ಮಪ್ಪನವರೇ ಇಳಿಸಿಕೊಂಡರು. ಅಲ್ಲೇ ಒಂದು ಲೋಟ ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದರು. ಈಗ ಎಲ್ಲರಂತೆ ಉಪ್ಪು ತಿನ್ನುತ್ತಿದ್ದೇನೆ. ತೂಕ ಎಪ್ಪತ್ತು, ಹೊಟ್ಟೆ ಅಷ್ಟೇ ಇದೆ. ಜಿಮ್ಮು ಬಿಟ್ಟಿಲ್ಲ, ಬಿಡುವುದೂ ಇಲ್ಲ, ಸೊಂಟ ನೋಯುತ್ತಿಲ್ಲವಲ್ಲ. ಸ್ಪರ್ಧೆ ಮಾತ್ರ ಇನ್ನು ಬೇಡ.

ತಪ್ಪು ನನ್ನದು ಅರ್ಪಣಾ. ನನಗೆ ನೀನು ಬೇಕು. ಡಬ್ಬಿ ತುಂಬಿಕೊಡುವವರು ಇಲ್ಲವೆಂದಲ್ಲ, ಕಾಳು ಬೇಯಿಸಲು ಅಡುಗೆಯವನಿಗೆ ಯಾರೂ ಬೇಡ. ಮನೆಗೆ ಬಂದರೆ ಬೈಯಲಿಕ್ಕೂ ಜನ ಇಲ್ಲ. ಮಾವನವರ ಎದುರು ನಿಲ್ಲುವ ಧೈರ್ಯ ಮಾತ್ರ ಈಗಲೂ ಇಲ್ಲ. ಆದ್ದರಿಂದ ಈ ಕಾಗದವನ್ನು ನೀನೊಬ್ಬಳೇ ಓದಿಕೊಂಡು, ನಿನಗೆ ಸರಿ ಕಂಡ ಹಾಗೆ ಅವರಿಗೆ ತಿಳಿಸು.

ನಿನ್ನ
ಉಮಾಮಹೇಶ್ವರ

ಮರೆತ ಮಾತು: ಮೇಲಿನ ಕೊನೆಯ ಸಾಲನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡ, ಅದು ನಿನ್ನೆ ಬರೆದದ್ದು. ಅಂಚೆಗೆ ಹಾಕಲು ಹೋಗಿ ಹಾಕದೆ ಬಂದೆ. ಇವತ್ತು ಸೋಮವಾರ, ನಿಮ್ಮ ಮನೆಯ ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಮಾವನವರು ಜಗುಲಿಯಲ್ಲಿದ್ದಾರೆ, ನೆಂಟರೂ ಇಬ್ಬರು ಬಂದ ಹಾಗಿದೆ. ಒಳ್ಳೆಯದೇ ಆಯಿತು. ಎಲ್ಲರೆದುರು ನಿಂತು ಮೊದಲ ಸಾಲಿನಿಂದ ಗಟ್ಟಿಯಾಗಿ ಓದಿ, ಆಮೇಲೆ ನಿನ್ನ ಕೈಗೆ ಕಳಿಸುತ್ತೇನೆ. ಇದು ನಿನ್ನ ಕೈಗೆ ಬಂದಿದ್ದರೆ ಓದಿ ಮುಗಿಸಿದ್ದೇನೆ ಅಂತ ತಿಳಿ. ನಾನು ಅಂಗಳದಲ್ಲೇ ನಿಂತಿದ್ದೇನೆ. ಬೈಯುವುದಿದ್ದರೆ ಹೊರಗೆ ಬಂದು ಬೈ.