ಚಾಕು ಮುಚ್ಚಿದ ಸದ್ದು

ಲಾ ಫಾಜೆತ್ ಹೊಲಮನೆ, ಲಾಯೋಲ್ ಪೇಟೆ ಹತ್ತಿರ
ಸೋಮವಾರ, 24 ಸೆಪ್ಟೆಂಬರ್ 1934

ಹಠಮಾರಿ ಫಿರ್ಮಿನ್‌ಗೆ, ಅವನಿಗಿಂತ ಹಠಮಾರಿಯಾದ ಹೆಂಡತಿಯ ನೆನಪುಗಳು.

ಹೇಗಿದ್ದೀಯ ಎಂದು ಕೇಳುವುದಿಲ್ಲ. ಬೆಟ್ಟದ ಮೇಲೆ ನಿಮ್ಮ ಗುಡಿಸಲಿಗೆ ರೊಟ್ಟಿ ಹೊತ್ತು ತರುವ ಹೇಸರಗತ್ತೆಯವನು ಎಲ್ಲ ಹೇಳಿದ್ದಾನೆ. ಗಡ್ಡ ಬಿಟ್ಟಿದ್ದೀಯಂತೆ, ಮೈ ತುಂಬಿಕೊಂಡಿದ್ದೀಯಂತೆ, ಬೇರೆಯವರ ಹಸುಗಳ ಹಾಲಿನಲ್ಲಿ ಒಳ್ಳೆಯ ಚೀಸ್ ಮಾಡುತ್ತಿದ್ದೀಯಂತೆ. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದ. ಅಕ್ಟೋಬರ್ ಹದಿಮೂರಕ್ಕೆ ದನಗಳು ಬೆಟ್ಟ ಇಳಿದ ಮೇಲೆ ನೀನು ಮನೆಗೆ ಬರುವುದಿಲ್ಲ, ಸೀದಾ ಪ್ಯಾರಿಸ್ ರೈಲು ಹತ್ತಿ ಸೋದರತ್ತೆಯ ಮಗನ ಅಂಗಡಿಯಲ್ಲಿ ಇದ್ದಿಲು ಮೂಟೆ ಹೊರುತ್ತೀಯ ಎಂದು. "ಹೋಗೋದಂತೂ ಗ್ಯಾರಂಟಿ ಕಣಮ್ಮ, ಹೊಸ ಟೋಪಿನೂ ತಗೊಂಡಾಯ್ತು" ಅಂದ. ಆ ಟೋಪಿಯ ಮಾತು ಕೇಳಿದ ಮೇಲೆಯೇ ನಾನು ಮಸಿ ಕುಡಿಕೆ ಹುಡುಕಿದ್ದು.

ಮೇ ತಿಂಗಳ ಆ ಊಟದ ಕಥೆಯನ್ನು ಅಪ್ಪ ತನಗೆ ಬೇಕಾದ ಹಾಗೆ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾನೆ. ಮರುದಿನ ದನಗಳು ಬೆಟ್ಟ ಹತ್ತಬೇಕು. ಮೇಜಿನ ಸುತ್ತ ನೀನು, ಅಪ್ಪ, ಆಳುಗಳು ನೆಂಟರು ಸೇರಿ ಹನ್ನೆರಡು ಜನ. ಪ್ರತಿಯೊಬ್ಬನ ತಟ್ಟೆಯ ಪಕ್ಕ ಅವನವನ ಮಡಚುವ ಚಾಕು. ಯಜಮಾನ ತನ್ನ ಚಾಕು ಮುಚ್ಚುವ ತನಕ ಯಾರೂ ಏಳುವಂತಿಲ್ಲ, ಮುಚ್ಚಿದ ಮೇಲೆ ಬಾಯಲ್ಲಿ ತುತ್ತಿದ್ದರೂ ಯಾರೂ ಕೂರುವಂತಿಲ್ಲ. ಅಪ್ಪ ಇನ್ನೂ ಚೀಸ್ ಕತ್ತರಿಸುತ್ತಿದ್ದಾಗ ನಿನ್ನ ಕಡೆಯಿಂದ ಟಪ್ ಎಂದು ಚಾಕು ಮುಚ್ಚಿದ ಸದ್ದು ಬಂತು. ಬೆಂಚುಗಳು ಸರಿದವು, ರೂಢಿಯಂತೆ ಹತ್ತು ಜನವೂ ಎದ್ದು ನಿಂತರು. "ಯಾರಿಗಪ್ಪಾ ಅಷ್ಟು ಅವಸರ? ನಾನಿನ್ನೂ ಸತ್ತಿಲ್ಲ" ಎಂದು ಅಪ್ಪ ನಿನ್ನ ಕಡೆ ನೋಡಿದ. ನಿನ್ನ ಕೈಯಲ್ಲಿ ನಿನ್ನ ಚಾಕು ಮುಚ್ಚಿಕೊಂಡಿತ್ತು. ಹನ್ನೊಂದು ವರ್ಷ ಅನ್ನ ಹಾಕಿದ ಮನೆಯಲ್ಲಿ ಮನೆ ಅಳಿಯ ಯಜಮಾನಿಕೆಗೇ ಕೈಹಾಕಿದ, ಇದು ಅಪ್ಪನ ಕಥೆ.

ಅದಕ್ಕೆ ಮೊದಲು ಅಪ್ಪ ಏನು ಅಂದಿದ್ದ ಎನ್ನುವುದು ಆ ಕಥೆಯಲ್ಲಿ ಬರುವುದಿಲ್ಲ. "ಇವನ ಜೇಬಲ್ಲಿರೋ ಚಾಕು ಒಂದೇ ಇವನ್ದು. ಅದ್ರಲ್ಲಿ ಕತ್ತರಿಸೋದೆಲ್ಲ ನಂದು" ಎಂದು ನೆಂಟರ ಮುಂದೆ ನಕ್ಕಿದ್ದು ನನಗೆ ಚೆನ್ನಾಗಿ ನೆನಪಿದೆ. ನಿನ್ನ ಬೆನ್ನ ಹಿಂದೆಯೇ ನಿಂತು ನಾನು ಸಾಸೇಜಿನ ದಾರ ಕೊಯ್ಯುತ್ತಿದ್ದೆ. ಅಪ್ಪ ನಿನ್ನ ಕಡೆ ನೋಡಿದ ಮೇಲೆ ನೀನು ಚಾಕುವನ್ನು ತಟ್ಟೆಯ ಪಕ್ಕ ಇಟ್ಟು ಮನೆ ಬಿಟ್ಟು ಹೊರಟೆ.

ಇನ್ನು ಮನೆಯ ಸುದ್ದಿ. ಜೂನ್ ತಿಂಗಳಲ್ಲಿ ಅಪ್ಪನ ಬಲಗೈ ಸೋತುಹೋಯಿತು. ರೊಟ್ಟಿ ಕೊಯ್ಯುವಷ್ಟು ಆಗುತ್ತದೆ, ಚಾಕು ಮಡಚುವಷ್ಟು ಆಗುವುದಿಲ್ಲ. ಮೊದಲ ದಿನ ಎಲ್ಲರೂ ಕೂತೇ ಇದ್ದರು. ಹೊರಗೆ ಹುಲ್ಲು ಒಣಗಿ ಗಾಡಿ ಕಾಯುತ್ತಿದೆ, ಒಳಗೆ ಒಬ್ಬರೂ ಮಿಸುಕುವುದಿಲ್ಲ. ಮರುದಿನದಿಂದ ಅಪ್ಪ ಚಾಕುವನ್ನು ತೊಡೆಯ ಮೇಲಿಳಿಸುತ್ತಾನೆ, ತಟ್ಟೆ ಎತ್ತುವ ನೆಪದಲ್ಲಿ ನಾನು ಬಗ್ಗಿ ಅದನ್ನು ಎಲ್ಲರಿಗೂ ಕೇಳುವ ಹಾಗೆ ಮುಚ್ಚುತ್ತೇನೆ. ಎಲ್ಲರೂ ಏಳುತ್ತಾರೆ, ಅಪ್ಪ ಗಂಭೀರವಾಗಿ ಮೀಸೆ ಒರೆಸಿಕೊಳ್ಳುತ್ತಾನೆ. ಈ ವಿಷಯ ನಾವಿಬ್ಬರೂ ಒಂದು ದಿನವೂ ಆಡಿಲ್ಲ.

ಹುಲ್ಲೆಲ್ಲ ಮಳೆಗೆ ಮೊದಲೇ ಒಳಗೆ ಬಂತು. ಬಿತ್ತನೆಗೆ ನೆಲ ಹದವಾಗಿದೆ. ಎರಡು ಹಸು ಕರು ಹಾಕಿವೆ, ಎರಡೂ ಹೆಣ್ಣು. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ನೀನಿಲ್ಲದೆ ಇಲ್ಲಿ ಯಾವ ಕೆಲಸವೂ ನಿಂತಿಲ್ಲ ಎಂದು ನಿನಗೆ ತಿಳಿದಿರಲಿ. ನೀನು ನನಗೆ ಬೇಕಾಗಿರುವುದು ಕೆಲಸಕ್ಕಲ್ಲ.

ನಿನ್ನೆ ಚರ್ಚಿನ ಪೂಜೆ ಮುಗಿಸಿ, ದನ ನೋಡುವ ಮುದುಕ ಪ್ರಿವಾನನ್ನು ಜೊತೆಗೆ ಕರೆದುಕೊಂಡು, ಚಾಕು ಮಾಡುವ ಗಾಲಿಬೇರನ ಅಂಗಡಿಗೆ ಹೋಗಿದ್ದೆ. ನಾಲ್ಕು ತಿಂಗಳು ಕಪಾಟಿನಲ್ಲಿ ಬಿದ್ದು ನಿನ್ನ ಚಾಕುವಿನ ಕೀಲು ಬಿಗಿಯಾಗಿತ್ತು. ಅಲ್ಲಿ ನಿನಗೆ ಗೊತ್ತಿರುವ ಭಾನುವಾರದ ಜಗಳವೇ ನಡೆದಿತ್ತು, ಯಾರ ಚಾಕು ಹೆಚ್ಚು ಎಂದು. ಅಂಚೆಯವನು ತನ್ನದನ್ನು ಹಲಗೆಯ ಮೇಲಿಟ್ಟು, ಒಬ್ಬ ವಿಧವೆಯ, ಹೊಟ್ಟೆ ಉಬ್ಬರಿಸಿ ಸಾಯಲಿದ್ದ ಹಸುವನ್ನು ಇದರ ಹಿಡಿಯೊಳಗೆ ಮಡಚಿಕೊಳ್ಳುವ ದಬ್ಬಳದಿಂದಲೇ ಚುಚ್ಚಿ ಉಳಿಸಿದೆ ಎಂದು ನೂರನೇ ಸಲ ಹೇಳಿದ. ಪ್ರಿವಾ, "ಆ ಹಸು ಚುಚ್ಚಿದ್ದಕ್ಕೆ ಎದ್ದಿದ್ದಲ್ಲ ಮಾರಾಯ, ನಿನ್ನ ಮಾತು ತಡೀಲಾರ್ದೆ ಎದ್ದು ಓಡಿದ್ದು" ಅಂದ.

ಪ್ರಿವಾನದು ನಿನಗೆ ಗೊತ್ತಲ್ಲ, ಅಲಗು ಸವೆದು ಸವೆದು ಹುಲ್ಲಿನ ಎಸಳಿನಷ್ಟಾಗಿದೆ. ಅಂಚೆಯವನು ಅದನ್ನು ಬಿಸಾಕಿ ಹೊಸದು ಕೊಂಡುಕೋ ಎಂದ. "ಇದ್ರಲ್ಲಿ ಅರ್ಧ ಸವೆಸಿದ್ದು ನಮ್ಮಪ್ಪ, ಇನ್ನರ್ಧ ನಾನು. ಹೊಸದ್ರಲ್ಲಿ ಯಾರಿದಾರೆ?" ಅಂದ ಪ್ರಿವಾ. ಗಾಲಿಬೇರ್ ತನ್ನ ಜೇಬಿನಿಂದ ಒಂದು ಸೊಟ್ಟ ಚಾಕು ತೆಗೆದು ತೋರಿಸಿದ. ಕೆಲಸ ಕಲಿಯುವಾಗ ಮೊದಲು ಮಾಡಿದ್ದಂತೆ. ಗುರು ಅದನ್ನು ನೀರಿನ ತೊಟ್ಟಿಗೆ ಎಸೆದಿದ್ದನಂತೆ, ಇವನು ಕೈಹಾಕಿ ಎತ್ತಿಕೊಂಡನಂತೆ. "ಊರಿಗೆಲ್ಲ ಒಳ್ಳೇದು ಮಾಡ್ಕೊಟ್ಟೆ, ನಂಗೆ ಮಾತ್ರ ಇದೇ ಸಾಕು" ಅಂದ.

ಆಮೇಲೆ ನಿನ್ನ ಚಾಕು ಕೈಗೆ ತೆಗೆದುಕೊಂಡ. ತಬ್ಬಲಿ ಕರುವನ್ನು ನೀನು ಬೆರಳು ಚೀಪಿಸಿ ಸಾಕಿ, ಅದು ಮುದಿಯಾಗಿ ಸತ್ತಾಗ ಅದರ ಕೊಂಬಿನಲ್ಲೇ ಹಿಡಿ ಹಾಕಿಸಿದ್ದು ಅವನಿಗೆ ನೆನಪಿತ್ತು. ಕೀಲಿಗೆ ಎಣ್ಣೆ ಬಿಟ್ಟು ಅಲಗನ್ನು ಕಿಟಕಿಯ ಬೆಳಕಿಗೆ ಹಿಡಿದ. "ಇದನ್ನ ಒಂದ್ಸಲನೂ ಟಪ್ ಅಂತ ಮುಚ್ಚಿಲ್ಲ ಕಣ್ರೀ" ಅಂದ. "ಹಂಗೆ ಮುಚ್ಚಿದ್ರೆ ಅಲಗು ಒಳಗಿನ ಪಟ್ಟಿಗೆ ಬಡಿದು ಕಚ್ಚು ಬೀಳತ್ತೆ. ಇಲ್ಲಿ ನೋಡಿ, ಒಂದು ಗೆರೆನೂ ಇಲ್ಲ. ಈ ಮನುಷ್ಯ ದಿನಾ ಹೆಬ್ಬೆರಳು ಕೊಟ್ಟು ಮಗು ಮಲಗಿಸ್ದಂಗೆ ಮಲಗಿಸಿದಾನೆ."

ಪ್ರಿವಾ ನನ್ನ ಮುಖ ನೋಡಿದ. "ಹಂಗಾದ್ರೆ ತಾಯಿ, ಅವತ್ತು ನಾವೆಲ್ಲ ಎದ್ದಿದ್ದು ಯಾವ ಚಾಕು ಸದ್ದಿಗೆ?" ಅಂದ. ನಿಮ್ಮದೂ ಮೊಂಡಾಗಿದ್ದರೆ ಕೊಡಿ, ಮಸೆದುಕೊಡುತ್ತೇನೆ ಎಂದು ಗಾಲಿಬೇರ್ ನನ್ನನ್ನು ಕೇಳಿದ. ಮೊಂಡಾಗಿತ್ತು, ಆದರೂ ನಾನು ಏಪ್ರನ್ ಜೇಬಿನಿಂದ ಕೈ ತೆಗೆಯಲಿಲ್ಲ. ಮನೆಗೆ ಬರುವವರೆಗೂ ಪ್ರಿವಾ ಸೀಟಿ ಹಾಕುತ್ತಾ ಮುಂದೆ ನಡೆದ.

ಮಧ್ಯಾಹ್ನದ ಊಟದಲ್ಲಿ ಒಂದು ಮಾತು ನಡೆಯಿತು. ಅದನ್ನು ಸಹಿ ಹಾಕಿದ ಮೇಲೆ ಬರೆಯುತ್ತೇನೆ. ಈಗಲೇ ಬರೆದರೆ ಉಳಿದದ್ದನ್ನು ನೀನು ಓದುವುದಿಲ್ಲ, ನಿನ್ನ ಬುದ್ಧಿ ನನಗೆ ಗೊತ್ತು.

ಚಾಕುವನ್ನು ಹೇಸರಗತ್ತೆಯವನ ಕೈಯಲ್ಲಿ ಕಳಿಸುವುದಿಲ್ಲ. ಮಸೆದು, ಎಣ್ಣೆ ಒರೆಸಿ, ಮೇಜಿನ ಮೇಲೆ ನಿನ್ನ ಜಾಗದಲ್ಲಿ ಇಟ್ಟಿದ್ದೇನೆ. ಬೇಕಿದ್ದರೆ ಬಂದು ತೆಗೆದುಕೋ. ಅದನ್ನು ಜೇಬಿಗೆ ಹಾಕಿಕೊಂಡು ಪ್ಯಾರಿಸ್ಸಿಗೆ ಹೋಗುವುದಾದರೆ ತಡೆಯುವುದಿಲ್ಲ, ಆದರೆ ನನ್ನ ಮುಖ ನೋಡಿಯೇ ಹೋಗು. ನೀನು ಹೋಗುವುದಿಲ್ಲ ಎಂದು ನನಗೆ ಗೊತ್ತಿದೆ. ಹದಿಮೂರಕ್ಕೆ ಹಸಿ ಚೀಸ್ ಹಾಕಿ ಆಲೂಗಡ್ಡೆ ಕಲಸುತ್ತೇನೆ, ಅದನ್ನು ಪಾತ್ರೆಯಿಂದ ಎಳೆ ಬರುವ ಹಾಗೆ ಉದ್ದಕ್ಕೆ ಎಳೆಯಲು ನಿನ್ನ ತೋಳೇ ಬೇಕು. ಗಡ್ಡ ಬೋಳಿಸಿಕೊಂಡು ಬಾ.

ನಿನ್ನ,
ನೊಯೆಮಿ

ಮರೆತಿಲ್ಲ, ಬರೆಯುತ್ತೇನೆ. ನಿನ್ನೆ ಎಲ್ಲರಿಗೂ ಬಡಿಸಿದ ಮೇಲೆ ನಾನು ಎಂದಿನಂತೆ ನಿಂತುಕೊಂಡು ತಿನ್ನಲಿಲ್ಲ. ನಿನ್ನ ಪಕ್ಕದ ಜಾಗದಲ್ಲಿ ಬೆಂಚಿನ ಮೇಲೆ ಕೂತೆ. ಹನ್ನೆರಡು ವರ್ಷದವಳಿದ್ದಾಗ ಅಪ್ಪ ಕೊಡಿಸಿದ ನನ್ನ ಪುಟ್ಟ ಚಾಕುವನ್ನು ಏಪ್ರನ್ ಜೇಬಿನಿಂದ ತೆಗೆದು ಬಿಚ್ಚಿಟ್ಟೆ. ಅದರ ಅಲಗಿನ ಮೇಲೆ ಒಂದು ಕಚ್ಚು ಇದೆ. "ಅವತ್ತು ಮುಚ್ಚಿದ್ದು ನಾನಪ್ಪ. ನೀನು ಅವರನ್ನ ಅಂದಿದ್ದು ಇನ್ನು ಕೇಳೋಕಾಗ್ಲಿಲ್ಲ" ಅಂದೆ. ನಿನಗೆ ಇದು ಹೊಸದಲ್ಲ. ಅವತ್ತು ನೀನು ತಿರುಗಿ ನನ್ನನ್ನೊಮ್ಮೆ ನೋಡಿ, ಆಮೇಲೆಯೇ ನಿನ್ನ ಚಾಕು ಕೆಳಗಿಟ್ಟೆ. ತಪ್ಪು ನನ್ನದು ಫಿರ್ಮಿನ್, ಅದನ್ನು ಹೊತ್ತುಕೊಂಡು ಹೋದವನು ನೀನು.

ಅಪ್ಪ ಬಾಯಲ್ಲಿದ್ದುದನ್ನು ಅಗಿದು ಮುಗಿಸಿದ. "ಮತ್ತೆ ಅವನನ್ನ ಹೋಗೋಕೆ ಬಿಟ್ಟಿದ್ಯಾಕೆ?" ಎಂದು ಕೇಳಿದ. ನಾಲ್ಕು ತಿಂಗಳು ನಾನು ನನ್ನನ್ನೇ ಕೇಳಿಕೊಳ್ಳದ ಪ್ರಶ್ನೆ ಅದು. ಹನ್ನೊಂದು ಜನರ ಮುಂದೆ ನಿಜ ಹೇಳಿದೆ. "ನಾನು ಮುಚ್ಚಿದ ಸದ್ದಿಗೆ ಅಷ್ಟು ಜನ ಎದ್ದು ನಿಂತ್ರಲ್ಲಪ್ಪ. ಅದು ನಂಗೆ ಖುಷಿಯಾಯ್ತು. ಬಾಯಿ ಬಿಟ್ರೆ ಆ ಖುಷಿ ಹೋಗ್ಬಿಡತ್ತೆ ಅನ್ನಿಸ್ತು." ಬೈಯುತ್ತಾನೆ ಎಂದುಕೊಂಡೆ. ಅಪ್ಪ ನಕ್ಕ. "ನಂಗೂ ನಲವತ್ತು ವರ್ಷದಿಂದ ಅದೇ ಖುಷಿ ಕಣೆ" ಎಂದು, ತೊಡೆಯ ಮೇಲಿಂದ ತನ್ನ ಚಾಕುವನ್ನು ಎತ್ತಿ, ಎಲ್ಲರಿಗೂ ಕಾಣುವಂತೆ, ಬಿಚ್ಚಿದ ಹಾಗೆಯೇ ನನ್ನ ಕಡೆ ತಳ್ಳಿದ.

ಈಗ ಈ ಮೇಜಿನಲ್ಲಿ ಚಾಕು ಮುಚ್ಚಿ ಊಟ ಮುಗಿಸುವವಳು ನಾನು, ಮುಚ್ಚುಮರೆಯಿಲ್ಲದೆ. ಅದು ತಿಳಿದೇ ಬಾ. ನೀನು ಚೀಸ್ ಬಹಳ ನಿಧಾನವಾಗಿ ತಿನ್ನುವವನು, ಅಪ್ಪ ಚಾಕು ಮುಚ್ಚಿದನೆಂದು ಎಷ್ಟು ಸಲ ಅರ್ಧಕ್ಕೇ ಎದ್ದಿದ್ದೀಯ ಎಂದು ನಾನು ಹಿಂದೆ ನಿಂತು ನೋಡಿದ್ದೇನೆ. ನಿನ್ನ ತಟ್ಟೆ ನೋಡಿಕೊಂಡೇ ಮುಚ್ಚುತ್ತೇನೆ.