‘ಹೊರಗೆ ಮಾತ್ರ ಬಳಸತಕ್ಕದ್ದು’: ಒಂದು ಕೂದಲೆಣ್ಣೆಯ ಚೀಟಿಯ ಬಗ್ಗೆ

ಔಷಧಗಳ ಮೇಲೆ ಕಣ್ಣಿಡಲೆಂದು ನೇಮಕಗೊಂಡ ಮಾನ್ಯ ಅಧಿಕಾರಿಗಳೇ,

ನನ್ನ ತಂಗಿಗೆ ಯಾವ ಚರ್ಮರೋಗವೂ ಇಲ್ಲ. ಇದೆ ಎಂದು ನೀವು ಬರೆದಿದ್ದೀರಿ. ಅವಳ ಮುಖವನ್ನು ನೀವು ಕಂಡವರಲ್ಲ, ತಲೆಯನ್ನಂತೂ ಕಾಣುವ ಮಾತೇ ಇಲ್ಲ. ಆದರೂ ಮೇ ತಿಂಗಳಲ್ಲಿ ನಿಮ್ಮ ಕಚೇರಿಯಿಂದ ಬಂದ ಉತ್ತರದಲ್ಲಿ, “ಸದರಿ ಮಹಿಳೆಗೆ ಪೂರ್ವದಿಂದಲೂ ಇದ್ದಿರಬಹುದಾದ ಚರ್ಮರೋಗವೇ ಇದಕ್ಕೆ ಕಾರಣವೆಂದು ಅಭಿಪ್ರಾಯಪಡಲಾಗಿದೆ” ಎಂಬ ಒಂದು ವಾಕ್ಯವಿದೆ. ಏನು ವಾಕ್ಯ ಸ್ವಾಮೀ! ಅಭಿಪ್ರಾಯವಿದೆ, ಅಭಿಪ್ರಾಯ ಪಟ್ಟವರು ಯಾರೂ ಇಲ್ಲ. ಸರಕಾರಕ್ಕೆ ಕರ್ಮಣಿ ಪ್ರಯೋಗದ ಮೇಲೆ ಇಷ್ಟೊಂದು ಪ್ರೀತಿ ಏಕೆಂದು ನನಗೆ ಈಗ ತಿಳಿಯಿತು. ಪ್ರಯೋಗ ನಿಮ್ಮದು, ಕರ್ಮ ಅವಳದು. ಆ ಉತ್ತರದ ಒಂದು ಪ್ರತಿಯನ್ನು ಅವಳು ಕಲಿಸುವ ಸಾಲೆಯ ಆಡಳಿತ ಮಂಡಳಿಗೂ ಕಳಿಸಿ ಉಪಕಾರ ಮಾಡಿದ್ದೀರಿ. ಆ ಒಂದು ವಾಕ್ಯದ ಆಧಾರದ ಮೇಲೆ, ಜೂನಿನಲ್ಲಿ ಸಾಲೆಯ ಬಾಗಿಲು ತೆರೆದಾಗ ಅವಳು ಒಳಗೆ ಬರಬಾರದೆಂದು ಹೇಳಿದ್ದಾರೆ. ಆದ್ದರಿಂದ ನಾನು ನಿಮಗೆ ಹೀಗೆ ನಾಲ್ಕು ಜನರ ಮುಂದೆ ಬರೆಯಬೇಕಾಗಿದೆ. ಮುಚ್ಚಿದ ಲಕೋಟೆಯಲ್ಲಿ ಬರೆದದ್ದು ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದನ್ನು ಈ ಪತ್ರದಲ್ಲೇ ಮುಂದೆ ಹೇಳುತ್ತೇನೆ.

ನನ್ನ ತಂಗಿಯ ಹೆಸರು ಗುರುಲಿಂಗವ್ವ. ಹೆಸರಿನಲ್ಲೇ ಗುರು ಇರುವುದರಿಂದ ಬೇರೆ ಉದ್ಯೋಗ ಅವಳಿಗೆ ಒಗ್ಗಲಿಲ್ಲ. ಇಳಕಲ್ಲಿನ ನಮ್ಮ ಮನೆಯಿಂದ ಬಸ್ಸಿನಲ್ಲಿ ಹುನಗುಂದಕ್ಕೆ ಹೋಗಿ, ಅಲ್ಲಿನ ಹೆಣ್ಣುಮಕ್ಕಳ ಸಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ಕಳೆದ ಚಳಿಗಾಲದಲ್ಲಿ ಅವಳ ನೆತ್ತಿಯ ಹಿಂಭಾಗದಲ್ಲಿ ನಾಲ್ಕಾಣೆ ಬಿಲ್ಲೆಯಷ್ಟು ಜಾಗದಲ್ಲಿ ಕೂದಲು ಉದುರಿತು. ನಮ್ಮ ಕಡೆ ಇದಕ್ಕೆ ‘ಹುಳ ತಿಂದಾವ’ ಎನ್ನುತ್ತಾರೆ. ಆ ಹುಳವನ್ನು ಈವರೆಗೆ ಯಾರೂ ಕಂಡಿಲ್ಲ. ಅನುಮಾನದ ಹುಳವಾದರೆ ಈಗ ನನ್ನ ತಲೆ ಹೊಕ್ಕಿದೆ, ಅದನ್ನು ಯಾರಿಗೆ ಬೇಕಾದರೂ ತೋರಿಸಬಲ್ಲೆ. ಇರಲಿ. ಊರಿನ ಔಷಧ ಅಂಗಡಿಯಲ್ಲಿ ಒಂದು ಹೊಸ ಎಣ್ಣೆ ಬಂದಿತ್ತು. ಬಾವಂಚಿ ಬೀಜದ ಸತ್ವವಂತೆ. ಡಾಕ್ಟರ ಚೀಟಿ ಕೇಳಲಿಲ್ಲ, ಏನಾಗಿದೆ ಎಂದೂ ಕೇಳಲಿಲ್ಲ, ಕಾಗದ ಸುತ್ತಿ ಕೊಟ್ಟರು.

ಈಗ ಆ ಬಾಟಲಿಯ ಮೇಲಿನ ಸಾಹಿತ್ಯಕ್ಕೆ ಬರೋಣ. ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು ಮೂರು ವರ್ಷದ ಹಿಂದೆ ನಾವೆಲ್ಲ ಬೀದಿಗಿಳಿದು ಕೂಗಿದ್ದು ನಿಮಗೆ ನೆನಪಿರಬೇಕು. ಆ ಕೂಗು ಈ ಕಂಪನಿಯ ಕಿವಿಗೂ ಬಿದ್ದಂತಿದೆ. “ಬೋಳಾದ ನೆತ್ತಿಯಲ್ಲೂ ದಟ್ಟ ಕೇಶರಾಶಿ” ಎಂದು ದೊಡ್ಡ ಕನ್ನಡದಲ್ಲಿದೆ. “ಧಾರಾಳವಾಗಿ ಹಚ್ಚಿ” ಎಂದು ಅದಕ್ಕಿಂತ ಧಾರಾಳವಾದ ಕನ್ನಡದಲ್ಲಿದೆ. ತಳದಲ್ಲಿ ಇರುವೆಯ ಕಾಲಿನಷ್ಟು ಸಣ್ಣ ಇಂಗ್ಲಿಷಿನಲ್ಲಿ ಎರಡು ಸಾಲು. ಮೊದಲನೆಯದು, ಫಾರ್ ಎಕ್ಸ್‌ಟರ್ನಲ್ ಯೂಸ್ ಓನ್ಲಿ. ಎರಡನೆಯದರ ಅರ್ಥ, ಹಚ್ಚಿದ ಮೇಲೆ ಬಿಸಿಲಿಗೆ ಹೋಗಬಾರದು ಎಂದು. ಲಾಭವೆಲ್ಲ ಕನ್ನಡದಲ್ಲಿ, ಅಪಾಯವೆಲ್ಲ ಇಂಗ್ಲಿಷಿನಲ್ಲಿ! ಹಾಗೆಂದು ಕಂಪನಿ ಕನ್ನಡಿಗರಿಗೆ ಪೂರ್ತಿ ದ್ರೋಹ ಮಾಡಿದೆ ಎನ್ನಲಾರೆ. ಎರಡು ಸಾಲುಗಳಲ್ಲಿ ಒಂದನ್ನು ಅದು ಕನ್ನಡಕ್ಕೆ ತಂದಿದೆ. ಹೇಗೆ ತಂದಿದೆ ಎಂದರೆ: “ಹೊರಗೆ ಮಾತ್ರ ಬಳಸತಕ್ಕದ್ದು.”

ಇದು ಭಾಷಾಂತರವಲ್ಲ ಮಾನ್ಯರೇ, ಭಾಷಾ ಅವಾಂತರ. ಚರ್ಮದ ಹೊರಗೋ, ಮನೆಯ ಹೊರಗೋ, ಊರ ಹೊರಗೋ? ಪಕ್ಕದ ಓಣಿಯ ಸೊಸೆಯೊಬ್ಬಳು ‘ಹೊರಗಾದಾಗ ಮಾತ್ರ’ ಎಂದು ತಿಳಿದು, ತಿಂಗಳಿಗೊಮ್ಮೆ ಮೂರು ದಿನ ಹಚ್ಚಿಕೊಂಡು ಉಳಿದ ದಿನ ಸುಮ್ಮನಿದ್ದಳಂತೆ. ಅವಳು ಪುಣ್ಯವಂತೆ. ನನ್ನ ತಂಗಿ ಕನ್ನಡ ಪಂಡಿತೆ. ಹೊರಗೆ ಎಂದರೆ ಹೊರಗೆ. ಶಿವರಾತ್ರಿ ಮುಗಿದು ಬೆಳಗಿನ ಸಾಲೆ ಸುರುವಾಗಿತ್ತು. ಮಧ್ಯಾಹ್ನ ಮನೆಗೆ ಬಂದು, ಊಟ ಮಾಡಿ, ಬಾಟಲಿ ಹಿಡಿದು ಮಾಳಿಗೆ ಹತ್ತಿದಳು. ನಮ್ಮ ಊರಿನ ಬಿಸಿಲು ಕೆಂಪು ಕಲ್ಲನ್ನೇ ಕಾಯಿಸುವಂಥದು. ಅವ್ವ ಮೆಟ್ಟಿಲ ಕೆಳಗೆ ನಿಂತು, ಮನ್ಯಾಗ ಕುಂತು ಹಚ್ಚಿಕೊಂಡ್ರ ಏನಾಕ್ಕೈತಿ ಎಂದು ಕೇಳಿದಳು.

“ಹೊರಗ ಮಾತ್ರ ಬಳಸಬೇಕಂತ ಬರದಾರ ಬೇ,” ಎಂದಳು ತಂಗಿ. “ವಾಸನಿಗೋ ಏನೋ. ಬರದವರಿಗೆ ಗೊತ್ತಿರೂದಿಲ್ಲೇನು?”

ಬರೆದವರಿಗೆ ಗೊತ್ತಿರುತ್ತದೆ ಎಂಬ ಈ ನಂಬಿಕೆಯನ್ನು ಅವಳು ಸಾಲೆಯಲ್ಲಿ ಮಕ್ಕಳಿಗೂ ಕಲಿಸುತ್ತಾಳೆ. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ನೆತ್ತಿ ಕಾದ ಹಂಚಿನಂತಾಯಿತು. ಔಷಧ ಕೆಲಸ ಮಾಡುತ್ತಿದೆ ಎಂದು ಅವಳು ಇನ್ನಷ್ಟು ಹಚ್ಚಿದಳು. ಧಾರಾಳವಾಗಿ ಎಂದು ಬರೆದಿತ್ತಲ್ಲ! ಮರುದಿನ ನೆತ್ತಿ, ಹಣೆ, ಕಿವಿಯ ಹಿಂದೆ, ಕುತ್ತಿಗೆ, ಎಣ್ಣೆ ಇಳಿದು ಹೋದಲ್ಲೆಲ್ಲ ನೀರು ತುಂಬಿದ ಗುಳ್ಳೆಗಳು ಎದ್ದವು. ತಲೆಯ ಮೇಲೆ ಸೆರಗು ತಾಗಿದರೆ ಹಲ್ಲು ಕಚ್ಚುತ್ತಿದ್ದಳು. ದಿಂಬಿಗೆ ತಲೆ ಕೊಡಲಾರದೆ ಮೊಣಕಾಲ ಮೇಲೆ ಹಣೆ ಊರಲು ಹೋದರೆ, ಹಣೆಯೂ ಸುಟ್ಟಿತ್ತು.

ವಿಚಿತ್ರ ಕೇಳಿ. ನಮ್ಮ ಹಿತ್ತಲ ಗೋಡೆಯಾಚೆಯ ಹಜರತಬಿ, ನೂಲು ಸುತ್ತಿ ಜೀವನ ಮಾಡುವವರು, ಅದೇ ಅಂಗಡಿಯ ಅದೇ ಎಣ್ಣೆಯನ್ನು ಅದೇ ವಾರ ತಂದು ಹಚ್ಚಿದ್ದರು. ಅವರಿಗೆ ಏನೂ ಆಗಿರಲಿಲ್ಲ. ಸಂಜೆ ಅಡುಗೆಮನೆಯಲ್ಲಿ ಕುಳಿತು ಹಚ್ಚಿ, ಬೆಳಿಗ್ಗೆ ಎದ್ದು ತಲೆ ತೊಳೆಯುತ್ತಿದ್ದರಂತೆ, ಬೇರೆ ಎಲ್ಲ ಎಣ್ಣೆಗೂ ಮಾಡುವ ಹಾಗೆ. ತಂಗಿಯನ್ನು ನೋಡಲು ಬಂದವರು ಬಾಗಿಲಲ್ಲೇ ಕಣ್ಣೀರು ತೆಗೆದು, “ನನಗ ಓದಾಕ ಬರೂದಿಲ್ರಿ ಅಕ್ಕೋರ, ಅದಕ್ಕ ಉಳಕೊಂಡೆ” ಎಂದರು. ಅನಕ್ಷರತೆ ಹೋಗಲಾಡಿಸಲು ಸರಕಾರ ಇಷ್ಟು ಖರ್ಚು ಮಾಡುತ್ತಿರುವಾಗ ಓದಲು ಬರುವವರನ್ನೇ ಹುಡುಕಿ ಸುಡುವ ಔಷಧವನ್ನು ಮಾರಾಟಕ್ಕೆ ಬಿಟ್ಟದ್ದು ಯಾವ ಯೋಜನೆಯಡಿಯಲ್ಲಿ?

ಬಾಗಲಕೋಟೆಯ ಚರ್ಮದ ಡಾಕ್ಟರು ಜಲಾಲುದ್ದೀನ ಅವರಲ್ಲಿಗೆ ಕರೆದೊಯ್ದೆ. ಈ ಎಣ್ಣೆ ಬಿಸಿಲನ್ನು ಚರ್ಮದೊಳಕ್ಕೆ ಕರೆದುಕೊಳ್ಳುವಂಥದು, ಹಚ್ಚಿ ಬಿಸಿಲಿಗೆ ಹೋದರೆ ಯಾರ ಚರ್ಮವಾದರೂ ಸುಡುತ್ತದೆ ಎಂದು ಅವರು ವಿವರಿಸಿದರು. ಬಿಸಿಲಲ್ಲಿ ಕೂಡಲು ಯಾರು ಹೇಳಿದರೆಂದು ಕೇಳಿದರು. ತಂಗಿ ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ಕನ್ನಡ ಓದಿದರು, ಬಾಟಲಿ ತಿರುಗಿಸಿ ಇಂಗ್ಲಿಷ್ ಓದಿದರು, ಮತ್ತೆ ಕನ್ನಡ ಓದಿದರು. ಕಡೆಗೆ, ಹೇಳಬಾರದೆಂದಿದ್ದರೂ ಹೇಳುತ್ತೇನೆ ಎಂಬಂತೆ ಇನ್ನೊಂದು ಮಾತೆಂದರು. ಇಂಥ ಸಣ್ಣ ಬಿಲ್ಲೆಯ ಕೂದಲು ಬಹಳ ಮಂದಿಗೆ ಯಾವ ಔಷಧವೂ ಇಲ್ಲದೆ, ಕೆಲವು ತಿಂಗಳಲ್ಲಿ ತಾನಾಗಿಯೇ ಬರುತ್ತದಂತೆ. ಗುಳ್ಳೆಗಳು ಒಣಗುತ್ತವೆ, ಕಪ್ಪು ಕಲೆ ಹೋಗಲು ತಿಂಗಳುಗಟ್ಟಲೆ ಬೇಕು, ಆದರೆ ಇದು ಅಂಟುವಂಥದ್ದಲ್ಲ ಎಂದು ಬರೆದೂ ಕೊಟ್ಟರು.

ಡಾಕ್ಟರು ಬರೆದದ್ದನ್ನು ಬಸ್ಸಿನಲ್ಲಿ ಯಾರು ಓದುತ್ತಾರೆ? ಮರಳಿ ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ತಂಗಿಯ ಪಕ್ಕದಲ್ಲಿದ್ದ ಹೆಂಗಸು ಕರದಂಟು ತರಲು ಇಳಿದರು. ತಿರುಗಿ ಬಂದವರು ಹಿಂದಿನ ಸೀಟಿನಲ್ಲಿ, ಇಬ್ಬರ ನಡುವೆ ಇಕ್ಕಟ್ಟಿನಲ್ಲಿ ಕುಳಿತರು. ತಂಗಿಯ ಪಕ್ಕದ ಜಾಗ ಇಳಕಲ್ಲಿನವರೆಗೆ ಖಾಲಿ ಬಂತು. ಅವಳು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು.

ಸಾಲೆಯಲ್ಲಿ ತಾಯಂದಿರು ಮಕ್ಕಳನ್ನು ಮುಂದಿನ ಸಾಲಿನಿಂದ ಎಬ್ಬಿಸತೊಡಗಿದರು. ಕುಷ್ಠ ಎಂಬ ಮಾತನ್ನು ಯಾರೂ ಗಟ್ಟಿಯಾಗಿ ಆಡಲಿಲ್ಲ. ಗಟ್ಟಿಯಾಗಿ ಆಡಿದ್ದರೆ ಗಟ್ಟಿಯಾಗಿ ಉತ್ತರ ಕೊಡಬಹುದಿತ್ತು. ಯುಗಾದಿಗೆ ಮುಂಚೆ ನಾವು ನಿಮಗೆ ದೂರು ಬರೆದೆವು, ಬಾಟಲಿಯ ಚೀಟಿಯ ನಕಲನ್ನೂ ಡಾಕ್ಟರ ಬರಹದ ನಕಲನ್ನೂ ಸೇರಿಸಿ. ತಂಗಿ ವಿಳಾಸ ಸಾಲೆಯದನ್ನೇ ಕೊಟ್ಟಿದ್ದಳು ಪಾಪ, ಸರಕಾರಕ್ಕೆ ಬರೆಯುವಾಗ ಉದ್ಯೋಗದ ವಿಳಾಸ ಕೊಟ್ಟರೆ ಮರ್ಯಾದೆ ಎಂದು. ಮೇ ತಿಂಗಳಲ್ಲಿ ನಿಮ್ಮ ಉತ್ತರ ಬಂತು. ಚೀಟಿಯನ್ನು ಪರಿಶೀಲಿಸಲಾಗಿದೆ, ಸೂಚನೆ ಸ್ಪಷ್ಟವಾಗಿದೆ, ದೋಷ ಕಂಡುಬಂದಿಲ್ಲ, ಮಹಿಳೆಗೆ ಚರ್ಮರೋಗ.

ಸಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು ಅಂದಾನಪ್ಪನವರು ಕೆಟ್ಟವರಲ್ಲ. ಡಾಕ್ಟರ ಕಾಗದ ಅವರಿಗೆ ಸಾಕಾಗಿತ್ತು. ರಜೆ ಮುಗಿದ ಮೇಲೆ ಬಾ ಎಂದೂ ಹೇಳಿದ್ದರು. ನಿಮ್ಮ ಪತ್ರ ಬಂದ ಮೇಲೆ ನಮ್ಮನ್ನು ಕರೆಸಿ, ಕೂಡಿಸಿ, ಚಹಾ ತರಿಸಿದರು.

“ನನಗ ಸಂಶೆ ಇಲ್ಲವ್ವಾ ತಂಗಿ,” ಎಂದರು. “ಆದ್ರ ಸರಕಾರನ ಬರದು ಕೊಟ್ಟೈತಿ. ಸರಕಾರ ಬರದದ್ದನ್ನ ಸರಕಾರನ ಅಳಸಬೇಕು. ನಾ ಅಳಸಾಕ ಬರ್ತೈತೇನು?”

ತಂಗಿ ಚಹಾ ಮುಟ್ಟಲಿಲ್ಲ. ತಾನು ಮುಟ್ಟಿದ ಕಪ್ಪನ್ನು ಆಮೇಲೆ ಏನು ಮಾಡುತ್ತಾರೋ ಎಂದು ಅಂಜಿದ್ದಳಂತೆ. ಹೊರಗೆ ಬಂದ ಮೇಲೆ ಹೇಳಿದಳು.

ಇಲ್ಲಿಯವರೆಗಿನದನ್ನು ದುರದೃಷ್ಟವೆಂದು ಮುಗಿಸಿಬಿಡುತ್ತಿದ್ದೆ. ಆದರೆ ಹೋದ ವಾರ ಬನಶಂಕರಿಗೆ ಹೋದವನು ತಲೆನೋವಿನ ಗುಳಿಗೆಗೆಂದು ಬಾದಾಮಿಯ ಒಂದು ಅಂಗಡಿಗೆ ಹೋದೆ. ಕಪಾಟಿನಲ್ಲಿ ಅದೇ ಎಣ್ಣೆ! ಕೈಗೆ ತೆಗೆದುಕೊಂಡು ನೋಡಿದರೆ ಕನ್ನಡ ಬದಲಾಗಿದೆ. “ಮೈಮೇಲೆ ಹಚ್ಚಲು ಮಾತ್ರ. ಹಚ್ಚಿದ ಮೇಲೆ ಬಿಸಿಲಿಗೆ ಹೋಗಬಾರದು.” ಸ್ವಚ್ಛ, ಸುಂದರ, ಓದಿದವರು ಬದುಕಿ ಉಳಿಯುವಂಥ ಕನ್ನಡ. ಆದರೆ ಆ ಸಾಲಿನ ಅಂಚು ಉಗುರಿಗೆ ತಾಗುತ್ತಿತ್ತು. ಬೆರಳು ಒದ್ದೆ ಮಾಡಿ ಉಜ್ಜಿದೆ. ಸಣ್ಣ ಕಾಗದದ ಪಟ್ಟಿಯೊಂದು ಮೆಲ್ಲಗೆ ಎದ್ದು ಬಂತು. ಅದರ ಕೆಳಗೆ, ನಮ್ಮ ಹಳೆಯ ಪರಿಚಯದ ‘ಹೊರಗೆ ಮಾತ್ರ’.

ಅಂಗಡಿಯ ಕಲ್ಲಪ್ಪನವರನ್ನು ಇದು ಯಾವಾಗಿನದೆಂದು ಕೇಳಿದೆ.

“ಯುಗಾದಿ ಮುಗದ ಕೂಡಲೇ ಕಂಪನಿಯವ್ರು ಬಂದು ಈ ಪಟ್ಟಿ ಕೊಟ್ಟು ಹೋದರ್ರಿ,” ಎಂದರು. “ಸಾಹೇಬರು ತಪಾಸಣಿಗೆ ಬರೂದ್ರೊಳಗ ಎಲ್ಲಾ ಬಾಟ್ಲಿಗೂ ಹಚ್ಚಿಬಿಡ್ರಿ ಅಂದ್ರು.”

ಮಾನ್ಯರೇ, ನಾನು ಯಾರ ಮೇಲೂ ಏನನ್ನೂ ಹೊರಿಸುತ್ತಿಲ್ಲ. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದ ಚಟಕ್ಕೆ ಕೆಲವು ಪ್ರಶ್ನೆ ಕೇಳುತ್ತೇನೆ. ಯುಗಾದಿಗೆ ಮುಂಚೆ ನಾವು ದೂರು ಬರೆದದ್ದು ನಿಮ್ಮ ಕಚೇರಿಗೆ, ಇನ್ನೊಬ್ಬರಿಗೆ ಅಲ್ಲ. ಯುಗಾದಿ ಮುಗಿಯುವುದರೊಳಗೆ ಅದು ಕಂಪನಿಗೆ ತಿಳಿದದ್ದು ಹೇಗೆ? ನಮ್ಮ ದೂರು ನಿಮ್ಮ ಮೇಜಿನ ಮೇಲೆ ಮಲಗಿದೆ ಎಂದುಕೊಂಡಿದ್ದೆವು. ಅದು ನಿದ್ದೆಯಲ್ಲಿ ನಡೆಯುವ ಜಾತಿಯದೇ? ನೀವು ತಪಾಸಣೆಗೆ ಬರುವುದನ್ನು ನಿಮಗಿಂತ ಮೊದಲು ಅವರಿಗೆ ಯಾರು ಹೇಳುತ್ತಾರೆ? ಚೀಟಿಯಲ್ಲಿ ದೋಷವಿಲ್ಲವೆಂದು ನೀವು ಮೇ ತಿಂಗಳಲ್ಲಿ ಪರಿಶೀಲಿಸಿದ್ದು ಯಾವ ಚೀಟಿಯನ್ನು, ಮೇಲಿನದನ್ನೋ ಕೆಳಗಿನದನ್ನೋ? ಗಾಯವೇ ಇಲ್ಲವೆಂದ ಮೇಲೆ ಪಟ್ಟಿ ಕಟ್ಟಿದ್ದೇಕೆ? ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆ ಕೇಳಿದ್ದೆ. ಕಣ್ಣಿಡಲೆಂದೇ ಸಂಬಳ ಪಡೆಯುವವರು ಮುಚ್ಚಿಕೊಂಡದ್ದನ್ನು ಈಗ ಕಾಣುತ್ತಿದ್ದೇನೆ. ಎಣ್ಣೆ ಹಚ್ಚಿದವಳು ಸುಟ್ಟುಕೊಂಡಳು, ಚೀಟಿ ಹಚ್ಚಿದವರು ಬಚಾವಾದರು, ನೀವು ಯಾವುದನ್ನೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ಪಟ್ಟಿ ಅಂಟಿಸಿದ್ದರಿಂದ ಲೋಕಕ್ಕೆ ಒಳ್ಳೆಯದೇ ಆಯಿತೆಂದು ಹೇಳಬಹುದು. ಅರ್ಧ ಒಳ್ಳೆಯದು. ಡಾಕ್ಟರು ನಮಗೆ ಹೇಳಿದ ಉಳಿದ ಮಾತುಗಳು ಆ ಪಟ್ಟಿಯಲ್ಲೂ ಇಲ್ಲ. ಮೊದಲು ಮುಂಗೈ ಒಳಭಾಗದಲ್ಲಿ ಒಂದು ಹನಿ ಹಚ್ಚಿ ಎರಡು ದಿನ ಕಾಯಬೇಕು. ಕೂದಲು ಹೋದ ಜಾಗಕ್ಕಷ್ಟೇ ಸ್ವಲ್ಪ ಹಚ್ಚಬೇಕು, ಧಾರಾಳತನ ತೋರಿಸಲು ಇದು ಮದುವೆಯ ತುಪ್ಪವಲ್ಲ. ತರಚಿದ ಜಾಗಕ್ಕೆ ಹಚ್ಚಬಾರದು, ಕಣ್ಣಿಗೆ ತಾಗಬಾರದು, ಹಚ್ಚಿದ ಕೈ ತೊಳೆಯಬೇಕು. ಮಕ್ಕಳ ಕೈಗೆ ಸಿಗಬಾರದು, ಬಸುರಿಯರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಉರಿ ಎದ್ದರೆ ಅದು ಗುಣವಾಗುವ ಗುರುತಲ್ಲ, ಆ ಕ್ಷಣ ನಿಲ್ಲಿಸಿ ತೊಳೆದು ಡಾಕ್ಟರ ಬಳಿ ಹೋಗಬೇಕು. ಉದುರಿದ್ದು ಏಕೆಂದು ತಿಳಿಯದೆ ತಲೆಗೆ ಏನನ್ನೂ ಸುರಿಯಬಾರದು ಎಂಬುದು ಇದಕ್ಕೆಲ್ಲ ಮೊದಲಿನ ಮಾತು. “ದಟ್ಟ ಕೇಶರಾಶಿ” ಎಂದು ಬರೆದ ಅಕ್ಷರದ ಗಾತ್ರದಲ್ಲೇ ಇವನ್ನೂ ಬರೆಯಿಸಿ. ಜಾಗ ಸಾಲದಿದ್ದರೆ ಕೇಶರಾಶಿಯನ್ನು ಸ್ವಲ್ಪ ಕತ್ತರಿಸಿ. ಹಳೆಯ ಬಾಟಲಿಗಳನ್ನು ಅಂಗಡಿಗಳಿಂದ ತೆಗೆಸಿ, ಈ ಸಲ ಮುಂಚಿತವಾಗಿ ತಿಳಿಸದೆ ಬನ್ನಿ.

ಈ ಪತ್ರವನ್ನು ಅಚ್ಚಿಗೆ ಕೊಡುವ ಮುಂಚೆ ತಂಗಿಗೆ ಓದಲು ಕೊಟ್ಟೆ. ಅವಳು ಒಂದೆರಡು ಕಡೆ ಕಾಗುಣಿತ ತಿದ್ದಿದಳು. ನನ್ನ ಕೆಲವು ಶ್ಲೇಷೆಗಳ ಮೇಲೆ ಗೆರೆ ಎಳೆದಳು. ಹಾಗಾಗಿ ಉಳಿದಿರುವುದು ಇಷ್ಟೇ. ಪರಿಹಾರಧನದ ಬಗ್ಗೆ ನಾನೊಂದು ಪರಿಚ್ಛೇದ ಬರೆದಿದ್ದೆ, ಅದನ್ನು ಪೂರ್ತಿ ಹೊಡೆದು ಹಾಕಿದಳು.

“ನಗಸೂದು ಸಾಕು ಅಣ್ಣಾ,” ಎಂದಳು. “ನನಗ ರೋಗ ಇಲ್ಲಂತ ಅವ್ರು ಬರೀಲಿ. ನಾ ಸಾಲಿಗೆ ಹೋಗ್ತೇನಿ. ಅಷ್ಟ.”

ಆದ್ದರಿಂದ ಉಳಿದುದೆಲ್ಲ ನನ್ನ ಬೇಡಿಕೆ, ಇದೊಂದು ಅವಳದು. ಆ ವಾಕ್ಯವನ್ನು ಹಿಂದಕ್ಕೆ ಪಡೆಯಿರಿ. ‘ಪಡೆಯಲಾಗಿದೆ’ ಎಂದು ಬರೆಯಬೇಡಿ. ಕರ್ತರಿ ಪ್ರಯೋಗದಲ್ಲಿ, ‘ನಾನು ಈಕೆಯನ್ನು ನೋಡದೆ ಬರೆದೆ, ಈಕೆಗೆ ರೋಗವಿಲ್ಲ, ಸುಟ್ಟದ್ದು ಔಷಧ’ ಎಂದು ನಿಮ್ಮ ಕೈಯಿಂದ ಬರೆದು, ಕೆಳಗೆ ಸಹಿ ಹಾಕಿ, ಸಾಲೆಗೆ ಕಳಿಸಿ. ಜೂನ್ ಮೊದಲ ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಹೊಡೆಯುವುದರೊಳಗೆ ಅದು ಅಂದಾನಪ್ಪನವರ ಕೈಯಲ್ಲಿರಬೇಕು. ಅದು ಬಂದರೂ ಬಾರದಿದ್ದರೂ ಆ ದಿನ ನನ್ನ ತಂಗಿ ಸಾಲೆಯ ಗೇಟಿನ ಹತ್ತಿರ ನಿಂತಿರುತ್ತಾಳೆ, ತಲೆಯ ಮೇಲೆ ಸೆರಗು ಹೊದೆಯದೆ. ಒಳಗೋ ಹೊರಗೋ ಎಂಬುದನ್ನು ಈ ಬಾರಿಯಾದರೂ ಸರಿಯಾದ ಕನ್ನಡದಲ್ಲಿ ಹೇಳಿ.

ಇಂತಿ,
ಉದುರಲು ಒಂದು ಕೂದಲೂ ಉಳಿದಿಲ್ಲವಾದ್ದರಿಂದ ಯಾರಿಗೂ ತಲೆಬಾಗಿ ತೋರಿಸಲು ನಾಚುವ,
ರಾಚಪ್ಪ, ಇಳಕಲ್ಲ
ಮೇ ಕೊನೆಯ ವಾರ, ೧೯೮೫